ಬರುತ್ತೇನೆ ಎನ್ನಬಾರದ ಊರು

ಆ ಊರಿನಲ್ಲಿ ಒಂದು ರಾತ್ರಿ ಮಲಗಲು ಕಂಬಳಿ ಸಮೇತ ಜಾಗ ಬೇಕೆಂದರೆ ಒಂದು ಹಿಡಿ ಕರಿಮೆಣಸು ಕೊಡಬೇಕು. ಬಟ್ಟಲು ತುಂಬ ಬಿಸಿ ಗಂಜಿಗೆ ಎರಡು ಪಿನ್ನು. ಸ್ನಾನಕ್ಕೆ ನೀರು ಕಾಯಬೇಕಾದರೆ ಸೌದೆ ನಾವೇ ಒಡೆಯಬೇಕು. ಹೇಸರಗತ್ತೆಯ ಗಾಡಿಯಲ್ಲಿ ಜಾಗ ಬೇಕೆಂದರೆ ಗಾಡಿ ಹೊರಡುವ ತನಕ ಅದರ ಪ್ರಾಣಿಗಳಿಗೆ ಹುಲ್ಲು ಹಾಕುತ್ತಿರಬೇಕು. ಅದು ಅರ್ಧ ಗಂಟೆಯ ಕೆಲಸವೂ ಆಗಬಹುದು, ಒಂದು ವಾರದ್ದೂ ಆಗಬಹುದು. ನೋಟು ನಡೆಯುವುದಿಲ್ಲ. ನಮ್ಮ ನೂರರ ನೋಟನ್ನು ಛತ್ರದ ಸೊರಾ ತಿರುಗಿಸಿ ಮುರುಗಿಸಿ ನೋಡಿ, ಇದರ ಮೇಲೆ ಏನು ಬರೆದಿದೆ ಎಂದು ಕೇಳಿದಳು. ನನ್ನ ನಾದಿನಿ ಜಲಜಾಕ್ಷಿ ಓದಿ ಹೇಳಿದಳು: ಇದನ್ನು ತಂದವರಿಗೆ ನೂರು ರೂಪಾಯಿ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಾರೆ. ಸೊರಾ ಕೆಂಡ ಮುಟ್ಟಿದವಳಂತೆ ನೋಟನ್ನು ಕೆಳಗೆ ಬಿಟ್ಟು, ಬಟ್ಟೆಗೆ ಕೈ ಒರೆಸಿಕೊಂಡಳು. ಆಮೇಲೆ ನನ್ನ ಚೀಲದಿಂದ ಬರುತ್ತಿದ್ದ ಮೆಣಸಿನ ವಾಸನೆ ಹಿಡಿದು ಅಂಗೈ ಚಾಚಿದಳು.

ಮೆಣಸು ನನ್ನ ಚೀಲದಲ್ಲಿದ್ದದ್ದು ಯಾರೋ ಹೇಳಿಕೊಟ್ಟು ಅಲ್ಲ. ಮನೆ ಬಿಡುವ ಮುಂಚೆ ಅಡುಗೆಮನೆಯಲ್ಲಿ ನಿಂತಾಗ ಕೈ ತಾನಾಗಿ ಆ ಡಬ್ಬಿಗೆ ಹೋಯಿತು, ಆಮೇಲೆ ಸೂಜಿ ದಾರಕ್ಕೆ, ಪಿನ್ನಿನ ಗೊಂಚಲಿಗೆ. ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಆಯುಷ್ಯವೆಲ್ಲ ಅಡುಗೆ ಮಾಡಿದವಳು ನಾನು. ಹಂಡೆ ಸಾರಿಗೆ ಉಪ್ಪನ್ನು ಅಳೆದು ಹಾಕಿದ್ದೇ ಇಲ್ಲ, ಕೈ ಸಾಕು ಅಂದಾಗ ನಿಲ್ಲಿಸಿದ್ದೇನೆ. ಜಲಜ ಹಾಗಲ್ಲ. ಅವಳು ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿಗೆ ಹೊರಡಲಿದೆ ಎಂದು ಸಾರುವ ಕೆಲಸದಲ್ಲಿದ್ದವಳು. ಮನೆಯಲ್ಲೂ ಅದೇ ರೂಢಿ. ಹತ್ತು ನಿಮಿಷಕ್ಕೆ ಸ್ನಾನಕ್ಕೆ ಹೋಗ್ತೀನಿ, ಆಮೇಲೆ ಕಾಫಿ ಕುಡೀತೀನಿ ಎಂದು ಗೋಡೆಗಾದರೂ ಹೇಳಿಯೇ ಏಳುವಳು. ಮದುವೆ ಮಾಡಿಕೊಳ್ಳಲಿಲ್ಲ. ನನ್ನ ಗಂಡ, ಅಂದರೆ ಅವಳ ಅಣ್ಣ, ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ರಿಟೈರಾದ ದಿನ ಹಾರ ತೆಗೆದು ಮೊಳೆಗೆ ಹಾಕಿ, “ಊರಿಗೆಲ್ಲಾ ಬಸ್ ಹತ್ಸಿದ್ದೀನಿ ಅತ್ತಿಗೆ, ನಾನು ಮಾತ್ರ ಹತ್ತಿಲ್ಲ” ಅಂದಳು. ಮಾರನೆಯ ವಾರ ಕಾಲೇಜು ಹುಡುಗರು ಬೆನ್ನಿಗೆ ಹಾಕಿಕೊಳ್ಳುವಂಥ ಎರಡು ದೊಡ್ಡ ಚೀಲ ಬಂದವು, ಅವಳದು ನೀಲಿ, ನನ್ನದು ಮಣ್ಣಿನ ಬಣ್ಣದ್ದು. ನಾನು ಮೆಣಸು ತುಂಬುವುದನ್ನು ಕಂಡು, ದೇಶ ನೋಡೋಕೆ ಹೊರಟಿದ್ದೀರೋ ಕಿರಾಣಿ ಅಂಗಡಿ ಇಡೋಕೋ ಎಂದು ನಕ್ಕಳು.

ನಾವು ಹೋದ ಆ ಪರದೇಶದಲ್ಲಿ ಮೊದಲು, ನೋಡಬೇಕಾದ ಊರುಗಳೆಂದು ಅವಳು ಬರೆದಿಟ್ಟುಕೊಂಡಿದ್ದ ಪಟ್ಟಿಯ ಪ್ರಕಾರವೇ ತಿರುಗಿದೆವು. ಒಂದು ಕಡೆ ಸೇತುವೆ ಕುಸಿದು ಬಸ್ಸು ನಿಂತಿತು. ಉಳಿದವರು ಬಸ್ಸಿನೊಳಗೇ ಕೂತು ಕಾದರು. ಒಬ್ಬ ಹೆಂಗಸು ಕುರಿ ಹೊಡೆದುಕೊಂಡು ಪಕ್ಕದ ಗುಡ್ಡ ಹತ್ತುತ್ತಿದ್ದಳು. ಅವಳ ನಡಿಗೆಯಲ್ಲಿ ಅವಸರವಿರಲಿಲ್ಲ, ಆದರೆ ಕತ್ತಲಾಗುವುದರೊಳಗೆ ಒಲೆ ಹಚ್ಚುವವಳ ನಡಿಗೆ ಅದು. ಇವಳ ಹಿಂದೆ ಹೋದರೆ ಊಟ ಸಿಗುತ್ತದೆ ಎಂದು ನನ್ನ ಹೊಟ್ಟೆಗೆ ಗೊತ್ತಾಯಿತು. ಜಲಜ ಗೊಣಗಿದಳು, ಆದರೂ ಬಂದಳು. ಹಾಗೆ ಸೇರಿದ್ದು ಆ ಊರನ್ನು. ಕಲ್ಲುಚಪ್ಪಡಿಯ ಮಾಡು, ಸಣ್ಣ ಕಿಟಕಿ, ಯಾವಾಗಲೂ ಬೂದಿ ಬಣ್ಣದ ಆಕಾಶ. ಅವರ ಮಾತು ನಮ್ಮ ಮಾತಿಗೆ ದೂರದ ನೆಂಟ. ಕಿವಿಗೊಟ್ಟರೆ ಅರ್ಧ ತಿಳಿಯುತ್ತಿತ್ತು, ಕೆಲವು ವಾರಕ್ಕೆ ಮುಕ್ಕಾಲು ತಿಳಿಯಿತು. ಕುರಿಯ ಹೆಂಗಸೇ ಸೊರಾ. ಛತ್ರ ನಡೆಸುತ್ತಿದ್ದಳು, ಜೊತೆಗೆ ಅವಳ ಮಾವ, ಒಲೆಯ ಮೂಲೆಯಲ್ಲಿ ಕೂತೇ ಇರುವ ಮುದುಕ.

ನಾನು ಮೊದಲ ದಿನವೇ ಒಂದನ್ನು ಗಮನಿಸಿದೆ. ಆ ಊರಿನಲ್ಲಿ ಯಾರೂ ತಾನು ಮುಂದೆ ಮಾಡುವುದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ರೊಟ್ಟಿಯಂಗಡಿಯವನು ಅಂಗಡಿ ತೆರೆದರೆ ತೆರೆದ, ಮುಚ್ಚಿದರೆ ಮುಚ್ಚಿದ. ಮದುವೆಗೆ ಕರೆಯುವುದಿಲ್ಲ, ಹುಡುಗಿಯ ಮನೆಯ ಚಿಮಣಿಯಲ್ಲಿ ಹೊಗೆ ದಪ್ಪಗಾದರೆ ಜನ ಒಳ್ಳೆ ಬಟ್ಟೆ ಹಾಕಿಕೊಂಡು ಬಂದು ಕೂರುತ್ತಾರೆ. ಒಂದು ಮಗು, ನಾಳೆ ನಾನು ಮರ ಹತ್ತುತ್ತೇನೆ ಅಂತಲೋ ಏನೋ ಶುರುಮಾಡಿದಾಗ ತಾಯಿ ಅದರ ಬಾಯಿಗೆ ರೊಟ್ಟಿ ತುರುಕಿದಳು, ಬೈಯಲಿಲ್ಲ. ಹೊರಡುವವರು ಏನೂ ಹೇಳದೆ ಎದ್ದು ಹೋಗುತ್ತಾರೆ, ಮನೆಯವರು ಆ ಹೊತ್ತಿಗೆ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಅದು ಕೋಪವಲ್ಲ, ಮರ್ಯಾದೆ.

ಜಲಜಳಿಗೆ ಅದು ತಟ್ಟಿದ್ದು ಪೆಟ್ಟು ಬಿದ್ದ ಮೇಲೆ. ನಾಳೆ ಕೆರೆ ನೋಡೋಕೆ ಹೋಗ್ತೀನಿ ಅಂದಳು, ಬೆಳಗ್ಗೆ ಕಾಲು ಉಳುಕಿತು. ಕಾಲು ಸರಿಯಾದ ಮೇಲೆ ಮತ್ತೆ ಅಂದಳು, ಆಲಿಕಲ್ಲು ಸುರಿಯಿತು. ಮೂರನೆಯ ಸಲ ನಾನು ಅವಳ ಕೈ ಹಿಡಿದುಕೊಂಡು, ಬಾಯಿ ಮುಚ್ಚಿಕೊಂಡು ಎದ್ದು ಬಾ ಎಂದೆ. ಮಧ್ಯಾಹ್ನಕ್ಕೆ ಕೆರೆಯ ದಡದಲ್ಲಿದ್ದೆವು. ಈ ಊರಲ್ಲಿ ಹೇಳಿದ್ದು ಹೇಳಿದವರಿಗೆ ಆಗೋದಿಲ್ಲ ಕಣೆ ಎಂದು ನಾನು ಹೇಳಿದಾಗ ಅವಳು ನೀರಿಗೆ ಕಲ್ಲು ಎಸೆಯುತ್ತ, “ಇದರಲ್ಲೇನಿದೆ ಹೊಸದು? ನಮ್ಮ ಬಸ್ ಸ್ಟ್ಯಾಂಡಲ್ಲಿ ನಾನು ಹೊರಡಲಿದೆ ಅಂದ ಬಸ್ಸು ಎಷ್ಟು ಹೊರಟಿವೆ?” ಅಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಅವಳು ಕಲಿತಳು. ನನಗಿಂತ ಚೆನ್ನಾಗಿ ಕಲಿತಳು ಎನ್ನಬೇಕು. ಪಟ್ಟಿಯನ್ನು ಸೊರಾಳ ಒಲೆಗೆ ಹಾಕಿದಳು. ಎದ್ದ ದಿಕ್ಕಿಗೆ ನಡೆಯುವುದು, ಹಸಿವಾದಲ್ಲಿ ಕೂರುವುದು, ಯಾರೋ ಕೈಸನ್ನೆ ಮಾಡಿದರೆ ಅವರ ಹೊಲದಲ್ಲಿ ಗೆಡ್ಡೆ ಕೀಳುವುದು. ಮೈಕಿನ ಮುಂದೆ ಗಟ್ಟಿಯಾಗಿದ್ದ ಅವಳ ಮುಖ ಮೆತ್ತಗಾಯಿತು. ಜೀವಮಾನದಲ್ಲೇ ಮೊದಲ ಸಲ ಅವಳು ಮುಂದೇನು ಎಂದು ತಿಳಿಯದೆ ಹಾಯಾಗಿದ್ದಳು. ಅದನ್ನು ಕಂಡು ನಾನೂ ಹಾಯಾಗಿದ್ದೆ, ಎಚ್ಚರ ಸಡಿಲಾಗಿತ್ತು. ಒಲೆಯ ಮೂಲೆಯ ಮುದುಕ ಮಾತ್ರ ನಮ್ಮನ್ನು ಕಂಡು ನಗುತ್ತಿರಲಿಲ್ಲ. ಅವನು ದಿನಾ ದೀಪ ಹಚ್ಚುವ ಹೊತ್ತಿಗೆ ಒಂದೇ ಮಾತು ಆಡುತ್ತಿದ್ದ: “ನಾಳೆ ನಾನು ಸಾಯ್ತೀನಿ.” ಹಾಗೆ ಹೇಳಿ ಹೇಳಿಯೇ ಅವನು ತನ್ನ ವಾರಗೆಯವರನ್ನೆಲ್ಲ ಕಳಿಸಿಕೊಟ್ಟು ಉಳಿದಿದ್ದ. ಊರವರು ಅದನ್ನು ಒಪ್ಪುತ್ತಿರಲಿಲ್ಲ. ಮಾತಿಗೆ ಮೋಸ ಮಾಡಿದರೆ ಅದು ಹಿಂದಿನ ಬಾಗಿಲಿನಿಂದ ಬರುತ್ತದೆ ಎನ್ನುತ್ತಿದ್ದಳು ಸೊರಾ. ಹಿಂದೊಬ್ಬ, ಬೇಗ ಮನೆ ಸೇರಬೇಕೆಂದು, ನಾನು ವಾಪಸ್ ಬರೋದಿಲ್ಲ ಅಂತ ಜಾಣತನದಿಂದ ಹೇಳಿ ಹೋದನಂತೆ. ಬಂದದ್ದೇನೋ ಬೇಗ ಬಂದ, ನಾಲ್ವರ ಹೆಗಲ ಮೇಲೆ.

ಆ ದಿನ ಬೆಳಗ್ಗೆ ನಾನು ಮತ್ತು ಸೊರಾ ಗಂಜಿ ಕುದಿಸುತ್ತಿದ್ದೆವು. ಈರುಳ್ಳಿ ಮುಗಿದಿತ್ತು. ಜಲಜ ಸಣ್ಣ ಬುಟ್ಟಿ ಎತ್ತಿಕೊಂಡಳು, ಚಪ್ಪಲಿ ಮೆಟ್ಟಿಕೊಂಡಳು, ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತು, “ಹೋಗಿ ಬರ್ತೀನಿ ಅತ್ತಿಗೆ” ಅಂದಳು. ನಾನು ಸೌಟಿನಿಂದ ಕಣ್ಣು ತೆಗೆಯದೆ, “ಹೂಂ, ಹೋಗಿ ಬಾ” ಅಂದೆ.

ಅದು ನಮಗೆ ಮಾತೇ ಅಲ್ಲ. ಮೆಟ್ಟಿಲು ಇಳಿಯುವ ಸದ್ದು. ಹೋಗ್ತೀನಿ ಎಂದು ಮಾತ್ರ ಹೇಳಿದರೆ ಕೆಟ್ಟದ್ದು ಎಂದು ಮಾತು ಬರುವ ಮುಂಚಿನಿಂದ ನಮಗೆ ಕಲಿಸುತ್ತಾರೆ. ಹೆಣದ ಮುಂದೆ ಬಿಟ್ಟು ಬೇರೆಲ್ಲೂ ಬರ್ತೀನಿ ಎನ್ನದೆ ನಾವು ಬಾಗಿಲು ದಾಟಿದವರಲ್ಲ. ಕೆರೆಗೆ ಹೋಗ್ತೀನಿ ಎನ್ನುವುದನ್ನು ನುಂಗಲು ಕಲಿತ ನಾಲಿಗೆಗೆ ಇದನ್ನೂ ನುಂಗಬೇಕೆಂದು ಹೊಳೆಯಲಿಲ್ಲ. ನನ್ನ ಹೊಟ್ಟೆಗೂ ಹೊಳೆಯಲಿಲ್ಲ, ಅದು ಅಷ್ಟು ಒಳಗಿನ ಮಾತು. ಹೊಳೆದದ್ದು ಸೊರಾಳಿಗೆ. ಅಷ್ಟು ದಿನದಲ್ಲಿ ನಮ್ಮ ಮಾತು ಅವಳಿಗೆ ಸಾಕಷ್ಟು ತಿಳಿದಿತ್ತು. ಅವಳ ಕೈಯಿಂದ ಬಟ್ಟಲು ಜಾರಿ ಗಂಜಿ ಒಲೆಗೆ ಬಿತ್ತು. ಅವಳು ಹೊರಗೆ ಓಡಿದಾಗ ನನಗೆ ತಿಳಿಯಿತು. ಬೀದಿಯಲ್ಲಿ ಯಾರೂ ಇರಲಿಲ್ಲ. ಈರುಳ್ಳಿ ಅಂಗಡಿ ನಾಲ್ಕು ಮನೆ ಆಚೆ. ಅಂಗಡಿಯವಳು, ಬಂದಿದ್ದಳು, ಕೊಂಡಳು, ನಿಮ್ಮ ಕಡೆಗೇ ತಿರುಗಿದಳು ಅಂದಳು.

ಊರು ಊರೇ ಕೆಲಸ ಬಿಟ್ಟು ಬಂತು. ಯಾರೂ ನನಗೆ ಸಮಾಧಾನ ಹೇಳಲಿಲ್ಲ. ಹುಡುಕ್ತೀವಿ, ಸಿಗ್ತಾಳೆ ಎನ್ನುವ ಮಾತು ಅವರ ಬಾಯಲ್ಲಿ ಬರುವಂತಿಲ್ಲ. ಬಡಿಗೆ ಹಿಡಿದುಕೊಂಡು ನಡೆದರು, ಬಾವಿಗಳಿಗೆ ಬಗ್ಗಿ ನೋಡಿದರು, ಗುಡ್ಡದಲ್ಲಿ ಅವಳ ಹೆಸರು ಕೂಗಿದರು. ಜಲಜ ಎನ್ನಲು ಬರದೆ ದಲದಾ, ದಲದಾ ಎಂದು ಕೂಗಿದರು. ಸಂಜೆ ಒಬ್ಬೊಬ್ಬರಾಗಿ ಬಂದು ನನ್ನ ಪಕ್ಕ ಕೂತು, ತಂದದ್ದನ್ನು ಇಟ್ಟು, ಎದ್ದು ಹೋದರು. ಬೆಣ್ಣೆ, ಉಣ್ಣೆಯ ಕಾಲುಚೀಲ, ಒಣಗಿದ ಹಣ್ಣು. ಅಷ್ಟು ಜನ ನನ್ನ ಜೊತೆ ಇದ್ದರೂ ನಾಳೆ ಎನ್ನುವ ಒಂದು ಪದ ಕೊಡುವವರು ಇರಲಿಲ್ಲ.

ನಾನು ಕಾದೆ. ಕಾಯ್ತೀನಿ ಎಂದು ಹೇಳದೆ ಕಾದೆ. ಅವಳ ನೀಲಿ ಚೀಲ, ಪಾಸ್‌ಪೋರ್ಟು, ಮೊಣಕಾಲಿನ ಎಣ್ಣೆ ಎಲ್ಲ ನನ್ನ ಹತ್ತಿರವೇ ಇತ್ತು. ಅವಳ ಬಳಿ ಇದ್ದದ್ದು ಒಂದು ಬುಟ್ಟಿ ಈರುಳ್ಳಿ. ಹಗಲೆಲ್ಲ ಛತ್ರದ ಅಡುಗೆ ಮಾಡುತ್ತಿದ್ದೆ, ಕಣ್ಣು ಬಾಗಿಲಿನಲ್ಲೇ. ಕುರಿಯ ಉಣ್ಣೆ ಕತ್ತರಿಸುವ ಕಾಲ ಬಂತು, ಹೋಯಿತು. ಮೆಣಸು ಮುಗಿದು ಎಷ್ಟೋ ದಿನವಾಗಿದ್ದರೂ ಸೊರಾ ಕೈ ಚಾಚಲಿಲ್ಲ.

ಒಂದು ದಿನ ಮೇಲಿನ ಹುಲ್ಲುಗಾವಲಿನಿಂದ ಇಳಿದ ಕುರುಬನೊಬ್ಬ ಗಂಜಿ ಕುಡಿಯುತ್ತ, ಬುಟ್ಟಿ ಹಿಡಿದ ಹೆಂಗಸನ್ನು ಕಂಡೆ ಅಂದ. ನನ್ನನ್ನು ನೋಡಿ ಮಾತು ಮುಂದುವರಿಸಲೋ ಬೇಡವೋ ಎಂದು ಸೊರಾಳ ಮುಖ ನೋಡಿದ. ಆ ಹೆಂಗಸು ಸೊರಾಳ ಛತ್ರಕ್ಕೆ ದಾರಿ ಕೇಳಿದಳಂತೆ. ಇವನು ಕೆಳಗೆ ಕೈ ತೋರಿಸಿದ. ಅವಳು ಕೈಮುಗಿದು ಇಳಿಯಲು ಶುರುಮಾಡಿದಳು. ಇಳಿಯುತ್ತ ಇಳಿಯುತ್ತ ಮೇಲಕ್ಕೇ ಹೋದಳು. ಕಾಲು ಕೆಳಗೆ ಇಡುತ್ತಿದ್ದಳು, ಗುಡ್ಡ ಅವಳನ್ನು ಆಚೆಗೆ ಸಾಗಿಸುತ್ತಿತ್ತು. ತಿರುವಿನಲ್ಲಿ ಒಮ್ಮೆ ನಿಂತು, ಇನ್ನೇನು ಬಂದೇ ಬಿಟ್ಟಿತು ಎನ್ನುವ ಹಾಗೆ ಬುಟ್ಟಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡಳಂತೆ.

ಅಂದು ಸಂಜೆ ನಾನು ಒಲೆಯ ಮುಂದೆ ಕೂತು ಯೋಚಿಸಿದೆ. ಬದುಕಿದ್ದಾಳೆ. ನನ್ನ ಕಡೆ ಬರಬೇಕೆಂದು ಹೆಜ್ಜೆ ಇಟ್ಟಷ್ಟೂ ದೂರ ಹೋಗುತ್ತಿದ್ದಾಳೆ. ಹಾಗಾದರೆ ನಾನು ಇಲ್ಲಿ ಕೂತು ಕಾಯುವುದೇ ಅವಳನ್ನು ತಳ್ಳುತ್ತಿದೆ. ಬರ್ತೀನಿ ಎಂದು ಮಾತು ಆಡಿದವಳು ಅವಳು, ನಾನಲ್ಲ. ಅವಳು ಬರುವಂತಿಲ್ಲ, ನಿಜ. ನಾನು ಹೋಗಬಾರದೆಂದು ಯಾರು ಹೇಳಿದರು? ಅವಳ ಬೆನ್ನ ಹಿಂದೆ ಹೋದರೆ ಕಂಡ ಕೂಡಲೇ ನನ್ನತ್ತ ಓಡಿಬರಲು ನೋಡುತ್ತಾಳೆ, ಇನ್ನೂ ದೂರವಾಗುತ್ತಾಳೆ. ದಾರಿ ಅವಳನ್ನು ಎಲ್ಲಿಗೆ ಸಾಗಿಸುತ್ತದೋ ಅಲ್ಲಿ ಮೊದಲೇ ಹೋಗಿ ನಿಂತಿರಬೇಕು. ಗುಡ್ಡದ ಆಚೆ ಎಲ್ಲ ದಾರಿಯೂ ಮುಗಿಯುವುದು ದೋಣಿಗಟ್ಟೆಯಲ್ಲಿ, ಹೇಸರಗತ್ತೆಯ ಗಾಡಿ ಹೋಗುವುದೂ ಅಲ್ಲಿಗೇ.

ನಾನು ಯೋಚಿಸಿದ್ದು ಮುದುಕನಿಗೆ ಹೇಗೆ ತಿಳಿಯಿತೋ. ನನ್ನನ್ನು ಹತ್ತಿರ ಕರೆದ. “ಮಾತನ್ನು ಸುತ್ತು ಹಾಕಿಕೊಂಡು ಹೋದರೆ ಸಿಕ್ಕೋದು ಅರ್ಧ ಮಾತ್ರ ತಾಯಿ” ಅಂದ. “ನನ್ನ ನೋಡು. ನಾನು ಸಾಯ್ಲಿಲ್ಲ ಅಷ್ಟೇ. ಬದುಕಿದ್ದು ಯಾವಾಗ?” ಅರ್ಧವಾದರೂ ಸಿಗಲಿ ಅಜ್ಜಾ ಎಂದೆ. ಅವನು ತಲೆಯಾಡಿಸಿದ. ಹೊರಗೆ ಕಪ್ಪಾಗುತ್ತಿತ್ತು. ಸೊರಾ ದೀಪ ಹಚ್ಚಿ ಅವನ ಮುಖ ನೋಡುತ್ತ ನಿಂತಳು. ಅವನು ಕಂಬಳಿ ಎಳೆದುಕೊಂಡ, ದಿನದ ಆ ಮಾತು ಆಡಲಿಲ್ಲ. ಸೊರಾ ನೆನಪಿಸಲೂ ಇಲ್ಲ. ಬೆಳಗ್ಗೆ ಅವನ ಕೈಗೆ ಬಿಸಿ ಬಟ್ಟಲು ಕೊಡಲು ಹೋದಾಗ ಕೈ ತಣ್ಣಗಿತ್ತು.

ಅವನನ್ನು ಮಣ್ಣು ಮಾಡಿ ಬಂದ ಮೇಲೆ ನಾನು ಗಾಡಿಯ ಪ್ರಾಣಿಗಳಿಗೆ ಹುಲ್ಲು ಹಾಕತೊಡಗಿದೆ. ಸೊರಾ ಕಿಟಕಿಯಿಂದ ನೋಡಿದಳು. ಗಾಡಿಯವನು ಚಾವಟಿ ಎತ್ತಿಕೊಂಡಾಗ ಎರಡೂ ಚೀಲ ತರಲು ಒಳಗೆ ಓಡಿದೆ. ನೀಲಿ ಚೀಲದ ಮೇಲೆ ಬೆಣ್ಣೆ ಸವರಿದ ರೊಟ್ಟಿಯ ಗಂಟು ಇತ್ತು. ಸೊರಾ ಗೋಡೆಯ ಕಡೆ ಮುಖಮಾಡಿ ನಿಂತಿದ್ದಳು, ಭುಜ ಅಲುಗುತ್ತಿತ್ತು. ಅಷ್ಟು ದಿನ ಅನ್ನ ಹಾಕಿದವಳ ಮನೆಯ ಹೊಸ್ತಿಲನ್ನು ಹೋಗಿ ಬರ್ತೀನಿ ಎನ್ನದೆ ದಾಟುವುದು ನನಗೆ ಅವಳನ್ನು ಬೈದು ಹೋದಷ್ಟು ಕಷ್ಟವಾಯಿತು. ಬಾಯಲ್ಲಿ ಸೀರೆಯ ಸೆರಗು ಕಚ್ಚಿಕೊಂಡು ದಾಟಿದೆ.

ದೋಣಿಗಟ್ಟೆಯಲ್ಲಿ ಮೀನು ಹುರಿಯುವ ಒಬ್ಬಳ ಹತ್ತಿರ ಕೆಲಸಕ್ಕೆ ನಿಂತೆ. ಅಲ್ಲಿಯ ಜನ ಎಲ್ಲರ ಹಾಗೆ ನಾಳೆ ಬರ್ತೀನಿ, ಸಾಲ ತೀರಿಸ್ತೀನಿ ಎಂದೆಲ್ಲ ಧಾರಾಳವಾಗಿ ಹೇಳುವವರು. ಕೇಳಿ ಕೇಳಿ ನನಗೆ ಮೊದಲು ಮೈ ಜುಮ್ಮೆನ್ನುತ್ತಿತ್ತು. ದೋಣಿಗಳು ಬರುತ್ತಿದ್ದವು, ಹೋಗುತ್ತಿದ್ದವು. ನಾನು ನೀರಿನ ಕಡೆ ಬೆನ್ನು ಹಾಕಿ ಗುಡ್ಡದ ಕಡೆ ಮುಖಮಾಡಿ ಮೀನು ಸೀಳುತ್ತಿದ್ದೆ.

ಒಂದು ಮಧ್ಯಾಹ್ನ ಅವಳು ಇಳಿದು ಬಂದಳು. ಚಪ್ಪಲಿ ಇರಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬುಟ್ಟಿಯಲ್ಲಿ ಈರುಳ್ಳಿ ಮೊಳಕೆ ಒಡೆದು ಉದ್ದ ಹಸಿರು ಬಿಟ್ಟಿತ್ತು. ನಾನು ಎದ್ದು ಹೋಗಲಿಲ್ಲ, ಕೂಗಲಿಲ್ಲ. ಅವಳಾಗಿಯೇ ಹತ್ತಿರ ಬರಲಿ ಎಂದು ಮೀನು ಸೀಳುತ್ತಲೇ ಕೂತೆ. ಅವಳು ನೇರ ನನ್ನ ಮುಂದೆ ಬಂದು ನಿಂತಳು. ಮುಖದಲ್ಲಿ ಅದೇ ಜಲಜ, ಬಸ್ಸು ತಪ್ಪಿಸಿಕೊಂಡವರ ಹತ್ತಿರ ಸಮಾಧಾನದಿಂದ ಮಾತಾಡುತ್ತಿದ್ದ ಜಲಜ.

“ಅಮ್ಮಾ, ಸೊರಾ ಛತ್ರಕ್ಕೆ ಇದೇ ದಾರಿನಾ? ನಮ್ಮತ್ತಿಗೆ ಒಲೆ ಮೇಲೆ ಗಂಜಿ ಇಟ್ಕೊಂಡು ಕಾಯ್ತಿದ್ದಾರೆ.”

ನಾನು ಅವಳ ಕೈ ಹಿಡಿದೆ. ಮೀನಿನ ಕೈ, ತೊಳೆದುಕೊಳ್ಳಲೂ ತೋಚಲಿಲ್ಲ. ಜಲಜ, ನಾನು ಕಣೆ ಎಂದೆ. ಅವಳು ನನ್ನ ಮುಖವನ್ನು ಮರ್ಯಾದೆಯಿಂದ ನೋಡಿದಳು, ಗುರುತಿಲ್ಲದವರನ್ನು ನೋಯಿಸಬಾರದೆಂದು ನೋಡುವ ಹಾಗೆ. ನಮ್ಮ ಮಾತು ಆಡ್ತೀರಲ್ಲ, ಸಂತೋಷ ಆಯ್ತು ಅಂದಳು. ಮುದುಕ ಹೇಳಿದ ಅರ್ಧ ಎಂದರೆ ಯಾವುದು ಎಂದು ನನಗೆ ಆಗ ತಿಳಿಯಿತು.

ಈಗ ನಾವು ನಮ್ಮ ಮನೆಯಲ್ಲಿದ್ದೇವೆ. ಡಾಕ್ಟರು ಇದಕ್ಕೊಂದು ಹೆಸರು ಹೇಳಿ ಮಾತ್ರೆ ಬರೆದುಕೊಟ್ಟಿದ್ದಾರೆ, ನಾನು ತಪ್ಪದೆ ಕೊಡುತ್ತೇನೆ. ಅವಳು ಚೆನ್ನಾಗಿ ಊಟ ಮಾಡುತ್ತಾಳೆ, ತಲೆ ಬಾಚಿದರೆ ಸುಮ್ಮನೆ ಕೂರುತ್ತಾಳೆ, ಅಣ್ಣನ ಫೋಟೋ ಕಂಡು ನಮ್ಮಣ್ಣ ಎನ್ನುತ್ತಾಳೆ. ಹೊತ್ತು ಇಳಿಯುತ್ತಿದ್ದಂತೆ ಮಾತ್ರ ನೀಲಿ ಚೀಲ ಬೆನ್ನಿಗೆ ಹಾಕಿಕೊಂಡು ಬಾಗಿಲಿಗೆ ಬರುತ್ತಾಳೆ. ಅತ್ತಿಗೆ ಕಾಯ್ತಿರ್ತಾರೆ ಎನ್ನುತ್ತಾಳೆ. ತಡೆದರೆ ಅಳುತ್ತಾಳೆ ಎಂದು ಕಂಡುಕೊಂಡ ಮೇಲೆ ನಾನು ತಡೆಯುವುದನ್ನು ಬಿಟ್ಟೆ. ಬಸ್ಸು ಇನ್ನೂ ಬಂದಿಲ್ಲ, ಕೂತ್ಕೊ ಎನ್ನುತ್ತೇನೆ. ಬಸ್ಸು ತಡವಾಗುವುದು ಅವಳಿಗೆ ಅರ್ಥವಾಗುವ ವಿಷಯ. ಜಗಲಿಯ ಮೇಲೆ ನನ್ನ ಪಕ್ಕ ಕೂರುತ್ತಾಳೆ, ಚೀಲ ಇಳಿಸುವುದಿಲ್ಲ.

ನಿನ್ನೆ ಹಾಗೇ ಕೂತಿದ್ದಾಗ, ನಿಮ್ಮ ಹೆಸರೇನು ಎಂದು ಕೇಳಿದಳು. ಹೊನ್ನಮ್ಮ ಎಂದೆ.

“ಹೌದಾ? ನಮ್ಮತ್ತಿಗೆ ಹೆಸರೂ ಅದೇ” ಅಂದಳು. ಬಸ್ಸು ಬಂತೇ ಎಂದು ಬೀದಿಗೆ ಬಗ್ಗಿ ನೋಡಿದಳು. “ಅವರು ಸಾರಿಗೆ ಉಪ್ಪು ಅಳೆಯೋದೇ ಇಲ್ಲ ಕಣ್ರೀ. ಒಂದಿನಾನೂ ಹೆಚ್ಚುಕಮ್ಮಿ ಆಗಿಲ್ಲ.”

ಮೊಳಕೆ ಬಂದ ಆ ಈರುಳ್ಳಿಯನ್ನು ಹಿತ್ತಲಲ್ಲಿ ಊರಿದ್ದೆ, ಅದು ಹಿಡಿಯಿತು. ಬೇರೆ ದೇಶದಿಂದ ನಾನು ತಂದ ವಸ್ತು ಅಷ್ಟೇ. ಹೋದವಳನ್ನು ಹುಡುಕಿ ಕರೆದುಕೊಂಡು ಬಂದೆ, ಅವಳ ಊಟ ನಿದ್ದೆ ನನ್ನ ಕಣ್ಣ ಮುಂದೆ ನಡೆಯುತ್ತಿದೆ. ನನ್ನನ್ನು ಅತ್ತಿಗೆ ಎಂದು ಕರೆಯುತ್ತಿದ್ದವಳು ಈ ಲೋಕದಲ್ಲಿ ಒಬ್ಬಳೇ ಇದ್ದಳು. ಅವಳು ಬರಲಿಲ್ಲ.